ನಲ್ಲಿ ಸುಮ್ಮನಾದಾಗ

ಚಿಂಗೆಲ್ತೇ ಗುಡ್ಡದ ಮೇಲೆ
ಹದಿನೇಳನೇ ನಂಬರಿನ ನೀರಿನ ಗೂಡು ನನ್ನದು.
ನನ್ನದೆಂದರೆ, ಸರ್ಕಾರದ್ದು. ಒಳಗಿನ ಸ್ಟೂಲು ಮಾತ್ರ ನನ್ನದು.
ಚಳಿಗಾಲದಲ್ಲಿ ಕೆಳಗಿನ ಉಲಾನ್‌ಬಾತರ್ ಕಾಣುವುದಿಲ್ಲ.
ಅಷ್ಟೂ ಒಲೆಗಳ ಹೊಗೆ ಮೇಲೇರಲಾರದೆ
ಕರೆಯದೆ ಬಂದ ನೆಂಟನ ಹಾಗೆ
ಅಲ್ಲೇ ಕಾಲು ಚಾಚಿ ಕೂತಿರುತ್ತದೆ.

ತಂಗಿಯ ಮಗ ತುಗುಲ್ದುರ್, ಒಂಬತ್ತು ವರ್ಷ,
ದಿನಾ ಸಂಜೆ ಕೈಗಾಡಿ ಎಳೆದು ಬರುತ್ತಾನೆ, ಎರಡು ಹಳದಿ ಕ್ಯಾನು.
ತುಂಬುವಷ್ಟು ಹೊತ್ತೂ ಮಾತು:
ಯಾವ ಪೈಲ್ವಾನ ಯಾರನ್ನು ಹೇಗೆ ಎತ್ತಿ ಎಲ್ಲಿಗೆ ಒಗೆದ ಅಂತ
ತಡೆಯಿಲ್ಲದ ಒಂದೇ ವಾಕ್ಯ,
ನಲವತ್ತು ಲೀಟರ್ ಉದ್ದ.

ಉಬ್ಬಸ ಅವನಿಗೆ ಹೊಸದಲ್ಲ.
ಕಿಸೆಯಲ್ಲಿ ನೀಲಿ ಪಂಪು, ಕುರಿಮೂಳೆಯ ದಾಳಗಳ ಜೊತೆ.
ಎದೆ ಸುಂಯ್ ಅನ್ನುತ್ತದೆ, ಎರಡು ಸಲ ಎಳೆಯುತ್ತಾನೆ, ಮತ್ತೆ ಓಡುತ್ತಾನೆ.
ನಮಗೆಲ್ಲ ರೂಢಿ.
ರೂಢಿಯೇ, ಈಗ ಅನ್ನಿಸುತ್ತದೆ, ಕಿವಿಗೆ ತುರುಕಿದ ಹತ್ತಿ.

ಸೋಮವಾರ ವಾಕ್ಯ ನಡುವೆ ಮುರಿಯಿತು. ನಾನು ಚಿಲ್ಲರೆ ಎಣಿಸುತ್ತಿದ್ದೆ.
ಮಂಗಳವಾರ ಮೂರು ಕಡೆ ನಿಂತು ನಿಂತು ಬಂದ. ಏರಲ್ಲವೆ, ಅಂದುಕೊಂಡೆ.
ರಾತ್ರಿ ಕೂತೇ ನಿದ್ದೆ ಮಾಡಿದನಂತೆ.
ಬುಧವಾರ ನೆನಪಿಲ್ಲ; ಅವತ್ತು ಪೈಪು ಒಡೆದಿತ್ತು.
ಗುರುವಾರ ಕಿಟಕಿಯ ಕಟ್ಟೆಗೆ ಎರಡೂ ಕೈ ಊರಿ
ಮುದುಕರ ಹಾಗೆ ಬಾಗಿ "ದೊಡ್ಡಮ್ಮ" ಅಂದ.
ಆಮೇಲೆ ಉಸಿರು.
"ನೀರು" ಅಂದ.
ಆಮೇಲೆ ಉಸಿರು.
ಪಂಪನ್ನು ಕಸಿದು ನೋಡಿದೆ: ಮೊನ್ನೆ ತಂದದ್ದು,
ಅಲುಗಿಸಿದರೆ ಸದ್ದಿಲ್ಲ.

ಗೂಡಿಗೆ ಬೀಗ ಹಾಕಿ, ಗಾಡಿ ನಾನೇ ಎಳೆದೆ.

ಮನೆಯಲ್ಲಿ ಅಂಗಿ ಬಿಚ್ಚಿದೆವು.
ಉಸಿರೆಳೆದಾಗಲೆಲ್ಲ ಕೊರಳ ಬುಡದ ಕುಳಿ ಒಳಗೆ ಬೀಳುತ್ತಿತ್ತು,
ಪಕ್ಕೆಗಳ ನಡುವೆ ಚರ್ಮ ಒಳಗೆ ಬೀಳುತ್ತಿತ್ತು,
ಬಿರುಗಾಳಿಗೆ ಗುಂಡುಡೇರೆಯ ಬಟ್ಟೆ
ಮರದ ಜಾಲರಿಗೆ ಅಂಟಿಕೊಳ್ಳುವ ಹಾಗೆ.
ಹೊಳ್ಳೆಗಳು ಓಟ ಮುಗಿಸಿದ ಕುದುರೆಯವು.
ತುಟಿ ನೋಡಿ ಏನೂ ತಿಳಿಯಲಿಲ್ಲ; ಮೈನಸ್ ಮೂವತ್ತೊಂದರಲ್ಲಿ
ಈ ಗುಡ್ಡದ ಮೇಲೆ ಎಲ್ಲರ ತುಟಿಯೂ ನೀಲಿ.
ಉಗುರನ್ನು ಬಲ್ಬಿನ ಹತ್ತಿರ ಹಿಡಿದೆ.

ಆಗ ಆ ಸುಂಯ್ ಸದ್ದು ನಿಂತಿತು.
"ಸದ್ಯ," ಎಂದಳು ಒಯುನ್‌ತುಯಾ, "ಇಳೀತು."
ಚಹಾ ಬಗ್ಗಿಸಲು ಎದ್ದಳು.

ನನಗೆ ವೈದ್ಯ ಗೊತ್ತಿಲ್ಲ. ನಲ್ಲಿ ಗೊತ್ತು.
ಹನ್ನೊಂದು ಚಳಿಗಾಲ ಅದರ ಪಕ್ಕ ಕೂತಿದ್ದೇನೆ.
ಗೊರಗುಟ್ಟುವ ನಲ್ಲಿ, ಸೀಟಿ ಹೊಡೆಯುವ ನಲ್ಲಿ, ಕೆಮ್ಮಿ ಉಗುಳುವ ನಲ್ಲಿ
ಬೈದುಕೊಂಡಾದರೂ ಕೊಡುತ್ತಿರುತ್ತದೆ.
ಸುಮ್ಮನಾದ ನಲ್ಲಿಯೊಳಗೆ ನೀರು ಕಲ್ಲಾಗಿದೆ.
ತಿರುಪು ತೆರೆದೇ ಇರುತ್ತದೆ.
ಏನೂ ಬರುವುದಿಲ್ಲ.

ಎದೆಗೆ ಕಿವಿ ಇಟ್ಟೆ.
ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು.
ಒಳಗೆ ಯಾರೂ ಇರಲಿಲ್ಲ.
ಅವನ ಕಣ್ಣು ನನ್ನನ್ನು ನೋಡಿ
ನೋಡುವುದನ್ನು ಮರೆಯಿತು.

"ಲೋಟ ಕೆಳಗಿಡು," ಎಂದೆ.
ಆಂಬುಲೆನ್ಸು ಬಸ್ಸಿನ ರಸ್ತೆಯವರೆಗಷ್ಟೇ ಬರುತ್ತದಂತೆ; ಓಣಿಯೆಲ್ಲ ಮಂಜುಗಡ್ಡೆ.
ಕ್ಯಾನುಗಳನ್ನು ಬೇಲಿಯ ಪಕ್ಕ ಇಳಿಸಿ
ಅದೇ ಕೈಗಾಡಿಯಲ್ಲಿ ಅವನನ್ನು ಕೂರಿಸಿದೆವು.
ಮಲಗಿಸಲಿಲ್ಲ. ಅವನು ಮಲಗಲೊಲ್ಲ.
ಪಕ್ಕದ ಮನೆ ಮುದುಕಿಯ ಪಂಪು ಬೇಡಿ ತಂದು
ತಂಗಿ ಒತ್ತುತ್ತ, ಒತ್ತುತ್ತ,
ನಾನು ಹಿಂದಕ್ಕೆ ಜಗ್ಗಿ ಹಿಡಿಯುತ್ತ.
ಮೊಬೈಲಿನ ಬೆಳಕು ಹೊಗೆಯಲ್ಲಿ ಎರಡೇ ಮೊಳ.

ಆಕ್ಸಿಜನ್ ಮುಖವಾಡ ಕಟ್ಟಿದ ಹುಡುಗಿ ಕೇಳಿದಳು:
ಯಾವಾಗ ಜೋರಾಯಿತು?
ಈಗ, ಎಂದಳು ತಂಗಿ.
ಸೋಮವಾರ, ಎಂದೆ ನಾನು.

ಭಾನುವಾರ ವಾರ್ಡಿನಲ್ಲಿ ಮುಖವಾಡ ಸರಿಸಿ ರೇಗಿದ:
"ನನ್ನ ಕ್ಯಾನು ಯಾರಾದರೂ ಕದ್ದರೆ ಅಮ್ಮ ನನಗೇ ಬೈತಾಳೆ,
ನೀನು ಯಾಕೆ ಬೀದೀಲಿ ಬಿಟ್ಟು ಬಂದೆ?"
ಬೆರಳು ಮಡಚಿ ಎಣಿಸಿದೆ.
ಹನ್ನೆರಡು ಪದ, ಒಂದೇ ಉಸಿರು.

ಕ್ಯಾನು ಕಳುವಾಗಿದ್ದವು.
ಹೇಳಲಿಲ್ಲ.