ಸಂಶೋಧನೆಗೆ ಮಾತ್ರ

ಹಾಸನೂರಿನ ಮೇಲಿನ ಹಾಡಿಯಲ್ಲಿ ಬೆಳಿಗ್ಗೆ ಎಂಟಕ್ಕೆ
ಜಡೆಯನ ತೋಳಿಗೆ ರಬ್ಬರು ಪಟ್ಟಿ ಬಿಗಿದೆ.
ಹನ್ನೊಂದು ವಯಸ್ಸು, ಏಳರ ತೂಕ.
ಸೂಜಿಗೆ ಹೆದರುವ ಕಾಲ ದಾಟಿದೆ ಅವನಿಗೆ,
ನರ ಎಲ್ಲಿ ಸಿಗುತ್ತದೆಂದು ಅವನೇ ತೋರಿಸಿದ.

ಅಜ್ಜಿ ಕೇತಮ್ಮ ಮೊರ ಬದಿಗಿಟ್ಟು ಕೇಳಿದಳು,
"ಅಂಟುಜಾಡ್ಯನಾ ಕೂಸೇ, ಇದು?"
ಅಲ್ಲ ಅಂದೆ. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ.
ಅಂದಮೇಲೆ ನಾಲಿಗೆ ತಡವರಿಸಿತು.
ಅಂಟುವುದೇ ಅಲ್ಲವೇ ಇದರ ಕಸುಬು?
ಕೂದಲಿಗಿಂತ ಸಣ್ಣ ಓಣಿಗಳಲ್ಲಿ
ಕುಡುಗೋಲಾಗಿ ಬಾಗಿದ ಕಣ
ಗೋಡೆ ಹಿಡಿದು ನಿಲ್ಲುತ್ತದೆ,
ಅದರ ಬೆನ್ನಿಗೆ ಇನ್ನೊಂದು,
ಮೊಣಕಾಲ ಮೂಳೆಯೊಳಗೆ ರಾತ್ರಿಯಿಡೀ ಕೊಯ್ಲು.
ಇದನ್ನು ಅವಳಿಗೆ ಹೇಳಲಿಲ್ಲ.
ಸೂರಿಗೆ ಸಿಕ್ಕಿಸಿದ ಅವಳ ಕುಡ್ಲು
ಬೇರೆ ಏನನ್ನೂ ಕೊಯ್ದದ್ದಲ್ಲ, ರಾಗಿ, ಹುಲ್ಲು, ಅಷ್ಟೇ.

ದಿಂಬಂ ಘಾಟಿ. ಇಪ್ಪತ್ತೇಳು ತಿರುವು.
ಒಂಬತ್ತನೆಯದರಲ್ಲಿ ಕಬ್ಬಿನ ಲಾರಿಯೊಂದು
ತಡೆಗೋಡೆಗೆ ಮೂತಿ ಒತ್ತಿ ನಿಂತಿತ್ತು.
ಅದರ ಹಿಂದೆ ಎಲೆಕೋಸಿನ ವ್ಯಾನು,
ವ್ಯಾನಿನ ಹಿಂದೆ ಸತ್ಯಮಂಗಲದ ಬಸ್ಸು,
ಬಸ್ಸಿನಲ್ಲಿ ನಾನು, ಮಡಿಲಲ್ಲಿ ಥರ್ಮಾಕೋಲ್ ಡಬ್ಬಿ,
ಡಬ್ಬಿಯಲ್ಲಿ ಜಡೆಯ, ಎಂಟು ಮಿಲಿಲೀಟರ್.
ಆರು ಗಂಟೆಯೊಳಗೆ ಹರಿಸದಿದ್ದರೆ
ಅದು ಯಾರ ರಕ್ತವೂ ಅಲ್ಲ.
ಕಂಡಕ್ಟರು ತಮಿಳಿನಲ್ಲಿ ಬೈದ, ಡ್ರೈವರು ಕನ್ನಡದಲ್ಲಿ.
ಕೋತಿಗಳು ಕಬ್ಬು ಎಳೆದುಕೊಂಡವು.
ಇಳಿದು ನೋಡಿದೆ:
ಕೆಟ್ಟಿರುವುದು ಒಂದೇ ಒಂದು,
ಉಳಿದವಕ್ಕೆಲ್ಲ ಚಕ್ರ ನೆಟ್ಟಗಿದೆ, ಡೀಸೆಲ್ ಇದೆ,
ಆದರೂ ನಿಂತಿವೆ.
ಎರಡು ವರ್ಷದಿಂದ ಕಣ್ಣು ಕಿರಿದು ಮಾಡಿ
ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದದ್ದು ಇದನ್ನೇ.

ಕೊಯಮತ್ತೂರು, ಒಂದೂಮುಕ್ಕಾಲು. ಕಾಲು ಗಂಟೆ ಬಾಕಿ.
ಫ್ರಿಜ್ಜಿನಲ್ಲಿ ಕಿರುಬೆರಳಿನ ಗಾತ್ರದ ಸೀಸೆ, ಪ್ರತಿಕಾಯ.
ಯಾವುದೋ ದೇಶದ ಒಂದು ಇಲಿಯ ಗುಲ್ಮದ ಕಣಕ್ಕೆ
ಸಾಯಲೊಪ್ಪದ ಕ್ಯಾನ್ಸರ್ ಕಣವನ್ನು ಗಂಟುಹಾಕಿ
ಬೆಳೆಸಿ, ಸೋಸಿ ಕಳಿಸಿದ್ದು.
ಬೆಲೆ ನನ್ನ ಎರಡು ತಿಂಗಳ ಸಂಬಳ.
(ಜಡೆಯನ ಗುಲ್ಮ ಐದನೇ ವಯಸ್ಸಿಗೇ ಸುಕ್ಕಿಹೋಗಿದೆ.)
ಸೀಸೆಯ ಮೇಲೆ ಸಣ್ಣಕ್ಷರ: ಸಂಶೋಧನೆಗೆ ಮಾತ್ರ.

ತಾಳವಾಡಿ ಶಾಲೆಯಲ್ಲಿ ಪುಟ್ಟಮಾದಯ್ಯ ಮೇಷ್ಟ್ರು
ಪದ ಬಿಡಿಸಲು ಹೇಳಿದ್ದರು.
ಪ್ರತಿ, ಕಾಯ: ಎದುರು ನಿಲ್ಲುವ ಮೈ.
ನಾನು ಕಾಯುವುದು ಎಂದು ಬರೆದು ಪೆಟ್ಟು ತಿಂದಿದ್ದೆ.
ಈಗಲೂ ಪೂರ್ತಿ ತಪ್ಪೆನಿಸುವುದಿಲ್ಲ.

ಗಾಜಿನ ಕಾಲುವೆಯಲ್ಲಿ ರಕ್ತ ಹರಿಸಿದೆ.
ಅಂಟಿದವು ನೂರಾ ಹದಿನಾಲ್ಕು.
ಎರಡನೆಯದಕ್ಕೆ, ಏನನ್ನೂ ಗುರುತು ಹಿಡಿಯದ ಪ್ರತಿಕಾಯ,
ನಮ್ಮ ಆಸೆಯನ್ನು ನಂಬದೆ ನಾವೇ ನಿಲ್ಲಿಸುವ ಸಾಕ್ಷಿ.
ನೂರಾ ಒಂಬತ್ತು.
ಮೂರನೆಯದಕ್ಕೆ ಇಲಿಯ ಋಣ.
ಕಣಗಳು ಗೋಡೆ ತಡವಿದವು, ಹಿಡಿ ಸಿಗಲಿಲ್ಲ,
ಒಂದೊಂದೇ ಹೊರಳಿ ಹೊರಟವು
ಸಂತೆ ಮುಗಿಸಿ ಊರಿಗೆ ಹೊರಟವರ ಹಾಗೆ.
ಇಪ್ಪತ್ತಾರು.
ಮೂರು ಸಲ ಎಣಿಸಿದೆ. ಕೂಗಬೇಕೆನಿಸಿತು.
ನೋಟ್‌ಬುಕ್ಕಿನಲ್ಲಿ ಕೂಗಿಗೆ ಕಾಲಂ ಇಲ್ಲ.

ಮುಂದಿನ ತಿಂಗಳು ಹೋದಾಗ ಜಡೆಯ ಮಲಗಿದ್ದ,
ಮೊಣಕಾಲ ಮೇಲೆ ಬಿಸಿ ಉಪ್ಪಿನ ಗಂಟು.
ಬಿಟ್ಟವು ಅಜ್ಜಿ, ಅಂದೆ,
ಗಾಜಿನೊಳಗೆ ಅವನ ರಕ್ತ ಸಲೀಸಾಗಿ ಹರಿಯಿತು.
"ಆ ಮದ್ದ ತಂದಿದ್ದೀಯಾ?"
ಅದು ಮದ್ದಲ್ಲ. ನೋಡುವುದಕ್ಕೆ.
ಅವಳು ಗಂಟು ತೆಗೆದು
ಹೆಂಚಿನ ಮೇಲೆ ಮತ್ತೆ ಕಾಯಿಸಿದಳು.
ತನ್ನ ಕೆನ್ನೆಗಿಟ್ಟು ಬಿಸಿ ನೋಡಿ ಅವನಿಗಿಟ್ಟಳು.
ಆಮೇಲೆ,
"ನೋಡ್ದ ಮೇಲೆ ಆ ನೆತ್ತರ್ನ ಏನ್ ಮಾಡ್ದೆ?"

ಬ್ಲೀಚು. ಸಿಂಕು. ನಲ್ಲಿಯ ನೀರು.

"ಮಣ್ಗೆ ಹಾಕಿದ್ಯಾ?"

ಜಡೆಯ ಕಣ್ಣು ಬಿಟ್ಟಿದ್ದ.
ಅವನೂ ಕಾಯುತ್ತಿದ್ದ.