ಒಳ್ಳೆಯ ಕಾಲು ಯಾವುದು

ಹತ್ತುವಾಗ ಒಳ್ಳೆ ಕಾಲು ಮೊದಲು,
ಇಳಿಯುವಾಗ ಕೆಟ್ಟ ಕಾಲು ಮೊದಲು
ಎಂದು ಕಲಿಸಿದಳು ಚೋಂದಮ್ಮ,
ದೊಡ್ಡಾಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ
ಎಲ್ಲಿಗೂ ಹೋಗದ ಮೂರು ಮೆಟ್ಟಿಲ ಮುಂದೆ ನಿಲ್ಲಿಸಿ.

ಎರಡನ್ನೂ ಒಂದೇ ದಿನ ಕೊಯ್ದಿದ್ದೀರಲ್ಲ ತಾಯಿ,
ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು?
ಅವಳು ಚೀಟಿ ತಿರುಗಿಸಿ ನೋಡಿದಳು.
ಅದರಲ್ಲಿ ಬರೆದಿರಲಿಲ್ಲ.
'ಇವತ್ತಿಗೆ ಎಡಗಾಲು ಒಳ್ಳೇದು ಅಂತಿಟ್ಕೊಳ್ಳಿ.'
ಬಲಗಾಲಿಗೆ ಬೇಜಾರಾಗಿರಬೇಕು,
ಆ ರಾತ್ರಿ ಪೂರ್ತಿ ಸಿಡಿಯಿತು.

ಮೂವತ್ತೊಂದು ವರ್ಷ
ಚಕ್ಕಂಬಕ್ಕಳ ಹಾಕಿ ಕೂತು
ಬೀಟೆ ಹಲಗೆಯಲ್ಲಿ ಗುಳಿ ತೋಡಿದವನು ನಾನು.
ಇರುವುದು ಮಂಡಿ ಮೊಹಲ್ಲಾ,
ಕೆಟ್ಟಿದ್ದು ಮಾತ್ರ ಸೊಂಟದ ಕೀಲು.
ಬಿಳಿಯದನ್ನು ಕರಿಯದರೊಳಗೆ ಕೂರಿಸಿ,
ಮರವಜ್ರ ಹಚ್ಚಿ, ಬಿಗಿದು, ಒಣಗಿಸಿ, ಉಜ್ಜಿ,
ಸಂದು ಎಲ್ಲಿದೆಯೆಂದು ಉಗುರಿಗೂ ಸಿಗದಂತೆ ಮಾಡುವುದು ಕಸುಬು.
ಅಂಬಾರಿಯ ಆನೆಗಳನ್ನೇ ಎಷ್ಟು ಸಾವಿರ ಕೊಯ್ದೆನೋ,
ತಲಾ ನಾಲ್ಕು ಕಾಲು.
ಒಂದೂ ಕುಂಟಲಿಲ್ಲ.

ಹಾಗಾಗಿ ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು
'ಬಟ್ಟಲು ಸವೆದಿದೆ, ಗುಂಡು ಕುಸಿದಿದೆ,
ಕೆರೆದು ತೆಗೆದು ಹೊಸದು ಕೂರಿಸಬೇಕು' ಎಂದಾಗ
ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ಕೇಳಿದ್ದು ಒಂದೇ:
ವಜ್ರ ಹಾಕ್ತೀರೋ, ಬಿಗಿತದಲ್ಲೇ ನಿಲ್ಲಿಸ್ತೀರೋ?
ಅವರು ಕನ್ನಡಕ ತೆಗೆದು ಮೊದಲ ಸಲ ನನ್ನ ಮುಖ ನೋಡಿದರು.
'ಬಿಗಿತದಲ್ಲೇ. ಆಮೇಲೆ ಮೂಳೆಯೇ ಬೆಳೆದು ಹಿಡ್ಕೊಳ್ಳುತ್ತೆ.'

ಎಚ್ಚರವಾದ ಮೇಲೆ ಇನ್ನೊಂದು ಕೇಳಿದೆ, ಕೇಳಬಾರದಿತ್ತೇನೋ:
ತೆಗೆದ ಎರಡು ಗುಂಡು ಎಲ್ಲಿ?
ಹಳದಿ ಚೀಲಕ್ಕೆ ಹೋದವು, ಅಂದರು ನರ್ಸಮ್ಮ.
ಅಯ್ಯೋ.
ಐವತ್ತೆರಡು ವರ್ಷ ಹದಗೊಂಡ ಮೂಳೆ.
ದಂತ ನಿಂತ ಮೇಲೆ ಆ ಬಿಳುಪಿಗಾಗಿ
ಪ್ಲಾಸ್ಟಿಕ್ಕಿನ ಮೊರೆಹೊಕ್ಕವರು ನಾವು.
ಕೊಟ್ಟಿದ್ದರೆ, ತೆಳ್ಳಗೆ ಸೀಳಿ,
ಆನೆಗಳ ನೆತ್ತಿಯ ಮೇಲೊಂದು ಚಂದ್ರ ಕೂರಿಸುತ್ತಿದ್ದೆ.
ಎರಡಿದ್ದವಲ್ಲ,
ಇನ್ನೊಂದು ಕೆರೆಯೊಳಗೆ.

ಮನೆಗೆ ಬಂದೆ. ಜೊತೆಗೆ ನಿಯಮಗಳೂ ಬಂದವು.
ನೆಲಕ್ಕೆ ಕೂರುವಂತಿಲ್ಲ. ಕುಕ್ಕರಗಾಲು ಇಲ್ಲ.
ಕಾಲ ಮೇಲೆ ಕಾಲು ಹಾಕುವಂತಿಲ್ಲ;
ಅದು ಮೊದಲೂ ಇರಲಿಲ್ಲ, ಅಂಥ ಸಾಹುಕಾರ ನಾನಲ್ಲ.
ರಾತ್ರಿ ತೊಡೆಗಳ ನಡುವೆ ದಿಂಬು,
ಜಗಳವಾಡಿದ ಅಣ್ಣತಮ್ಮಂದಿರ ನಡುವೆ ಅಮ್ಮ ಮಲಗಿದ ಹಾಗೆ.
ಕಕ್ಕಸಿನಲ್ಲಿ ತೂತಿನ ಕುರ್ಚಿ,
ಸಿಂಹಾಸನ ಬಂತು ಎಂದು ಓಣಿಯ ಮಕ್ಕಳ ನಗು.
ಬೇಕಾದರೆ ಟಿಕೆಟ್ಟಿಟ್ಟು ತೋರಿಸಲಿ, ಮೈಸೂರಲ್ಲವೆ.

ಮಸೀದಿಯಲ್ಲಿ ಕೊನೆಯ ಸಾಲಿನ ಕುರ್ಚಿ.
ಎಲ್ಲರೂ ಹಣೆ ನೆಲಕ್ಕಿಟ್ಟಾಗ
ನಾನೊಬ್ಬ ಬಗ್ಗಿಯೂ ಬಗ್ಗದೆ
ಮುಂದಿನವರ ಅಂಗಾಲುಗಳನ್ನು ನೋಡುತ್ತ ಉಳಿಯುತ್ತೇನೆ:
ಸೀಳು ಬಿಟ್ಟವು, ಸುಣ್ಣ ಮೆತ್ತಿದವು,
ಕಾಲುಚೀಲದ ತೂತಿನಿಂದ ಇಣುಕುವ ಒಂದು ಹಿಮ್ಮಡಿ.
ಇಷ್ಟು ವರ್ಷ ಇದೊಂದೂ ಕಂಡಿರಲಿಲ್ಲ.
'ನಿಮ್ಮ ಹಣೆಯ ಕಪ್ಪು ಮಾಸ್ತಾ ಇದೆ' ಎಂದಳು ಮೆಹಜಬೀನ್
ಮೊನ್ನೆ, ತಲೆಗೆ ಎಣ್ಣೆ ಹಚ್ಚುತ್ತ.
ನಾನು ಮಾತಾಡಲಿಲ್ಲ. ಅವಳೂ ಮುಂದುವರಿಸಲಿಲ್ಲ.

ಶಿಷ್ಯ ಸುಭಾನ್ ಸೊಂಟದೆತ್ತರದ ಮೇಜು ಹೊಡೆದಿದ್ದಾನೆ,
ಅಂಚಿಗೊಂದು ಕಬ್ಬಿಣದ ಇಕ್ಕಳ.
'ಉಸ್ತಾದ್, ಇನ್ನು ನಿಂತೇ ಕೊಯ್ಯಿರಿ.'
ನಿಲ್ಲುತ್ತೇನೆ. ಹತ್ತು ನಿಮಿಷ, ಹದಿನೈದು.
ಇಕ್ಕಳ ಹಿಡಿಯುತ್ತದೆ, ಸುಳ್ಳು ಹೇಳಬಾರದು.
ಆದರೆ ಎಳೆ ತಿರುಗುವಲ್ಲಿ ಸಡಿಲ ಬಿಡಬೇಕೆಂದು
ಅದಕ್ಕೆ ಗೊತ್ತಾಗುವುದಿಲ್ಲ.
ಗೊತ್ತಿದ್ದದ್ದು ನನ್ನ ಬಲಗಾಲ ಹೆಬ್ಬೆರಳಿಗೆ,
ನನ್ನ ಮೂರನೆಯ ಕೈಗೆ.
ಅದನ್ನೀಗ ಮುಟ್ಟಲಾರೆ.
ಹೊಳೆಯಾಚೆಯ ನೆಂಟನಂತೆ ಕಾಣುತ್ತದೆ, ಅಷ್ಟೆ.

ನಿನ್ನೆ ಮೆಹಜಬೀನ್ ಬಿಸಿನೀರಿನ ಬೋಗುಣಿ ತಂದು
ನೆಲದ ಮೇಲೆ, ನಾನು ಕೂರಲಾರದ ಹಾಗೆ,
ಚಕ್ಕಂಬಕ್ಕಳ ಹಾಕಿ ಕೂತಳು.
ಯಾವುದು ಮೊದಲು ಎಂದು ಕೇಳದೆ
ಬಲಗಾಲನ್ನೇ ತೊಡೆಯ ಮೇಲೆಳೆದುಕೊಂಡು
ಉಗುರು ಕತ್ತರಿಸತೊಡಗಿದಳು.
ಹೆಬ್ಬೆರಳಿಗೆ ಬಂದಾಗ ಕೈ ನಿಂತಿತು.
'ಸಂದಿಯಲ್ಲಿ ಇನ್ನೂ ಬೀಟೆ ಪುಡಿ ಕೂತಿದೆ.
ಕೆರೆದು ತೆಗೀಲಾ?'

ಎಷ್ಟೊಂದು ತೆಗೆದಾಯಿತು.
ಬೇಡ, ಅಂದೆ,
ಅದು ಇರಲಿ.