ಎರಡು ಮುಚ್ಚಳದ ಡಬ್ಬಿ

ಚಿಂತಾಮಣಿಯಲ್ಲಿ, ಚೇಳೂರು ರಸ್ತೆಯ ಶೆಡ್ಡಿನಲ್ಲಿ
ಅಮೀರ್ ಜಾನ್ ನನ್ನ ಕೈಗೆ ಮೊದಲು ಕೊಟ್ಟಿದ್ದು ಸ್ಪ್ಯಾನರ್ ಅಲ್ಲ,
ಎರಡು ಮುಚ್ಚಳದ ಒಂದು ಡಬ್ಬಿ.
ಈ ಮಗ್ಗುಲು ಒರಟು, ಆ ಮಗ್ಗುಲು ನುಣುಪು.
ಗ್ರೀಸಿನಲ್ಲಿ ಕಲಸಿದ ಕಪ್ಪು ಪುಡಿ,
ಬಿಸಿಲಿಗೆ ಹಿಡಿದರೆ ನವಿಲಿನ ಕತ್ತು.

ಏನಿದು ಅಂದೆ.
"ಮರಳು, ಇದ್ದಿಲು. ಎರಡನ್ನೂ ಕರೆಂಟಿನಲ್ಲಿ
ಒಂದೂವರೆ ದಿನ ಬೇಯಿಸಿದರೆ
ಮರಳೂ ಇರಲ್ಲ, ಇದ್ದಿಲೂ ಇರಲ್ಲ.
ವಜ್ರಕ್ಕೆ ತಗ್ಗುತ್ತೆ. ಇನ್ಯಾರಿಗೆ ತಗ್ಗಬೇಕು?"

ಈ ಪುಡಿಗೆ ನಂಬರು ಉಲ್ಟಾ:
ಎಂಬತ್ತು ಅಂದರೆ ರವೆ,
ನಾನ್ನೂರು ಅಂದರೆ ಮೈದಾ,
ಸಾವಿರದಿನ್ನೂರು ಬೆರಳಿಗೂ ಸುದ್ದಿ ಕೊಡುವುದಿಲ್ಲ.
ಮುರಿದರೆ ಮೊಂಡಾಗುವ ಜಾತಿಯಲ್ಲ,
ಮುರಿದ ಕಡೆಯೇ ಹೊಸ ಹಲ್ಲು.
ಕೈವಾರದ ದಾರಿಯಲ್ಲಿ ಚಪ್ಪಡಿಕಲ್ಲಿಗೆ
ಮುಖ ಕಾಣುವಂತೆ ಹೊಳಪು ಕೊಡುವುದೂ ಇದೇ,
ಎಲ್ಲೋ ಕುಲುಮೆಯ ಒಳಗೋಡೆಯಾಗಿ
ಬೆಂಕಿಗೆ ಬೆನ್ನು ಕೊಟ್ಟು ಕೂರುವುದೂ ಇದೇ.
ನಮ್ಮ ಕಸುಬಿಗೆ ಬೇಕಾದ್ದು ಒಂದು ಚಿಟಿಕೆ.

ವಾಲ್ವಿನ ತುಟಿಗೆ ಸವರಿ
ರಬ್ಬರ್ ಬಟ್ಟಲಿನ ಕೋಲು ಕಚ್ಚಿಸಿ
ಅಂಗೈಗಳ ನಡುವೆ ಹೊಸೆಯಬೇಕು, ಮಜ್ಜಿಗೆ ಕಡೆದ ಹಾಗೆ,
ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ.
ಮೊದಲು ಗರಗರ.
ಆಮೇಲೆ ಸರಸರ.
ಆಮೇಲೆ ಶಬ್ದವೇ ಇಲ್ಲ,
ಬೂದುಬಣ್ಣದ ಒಂದು ಉಂಗುರ,
ಎಲ್ಲೂ ಕಡಿಯದ್ದು.
ಸೀಮೆಎಣ್ಣೆ ಸುರಿದು ಒಂದು ಬೀಡಿಯಷ್ಟು ಹೊತ್ತು ಕಾಯಿ.
ಒಸರದಿದ್ದರೆ ಕೂತಿತು.

ಕೂತ ಮೇಲೆ ತೊಳಿ.
ಇನ್ನೊಮ್ಮೆ ತೊಳಿ.
ಕೂಡಿಸಿದ್ದು ಒಳಗೆ ಉಳಿಯಬಾರದು.

ಒಂದು ಸಲ ಅವಸರ ಮಾಡಿದೆ.
ಹನ್ನೊಂದನೇ ದಿನ ಬಟ್ಲಹಳ್ಳಿಯ ಹಾಲಿನ ಟೆಂಪೊ
ನೀಲಿ ಹೊಗೆ ಉಗುಳುತ್ತಾ ವಾಪಸ್ ಬಂತು.
ಅಮೀರ್ ಜಾನ್ ಬೈಯಲಿಲ್ಲ.
ಸಿಲಿಂಡರಿನೊಳಗೆ ನನ್ನ ಬೆರಳು ಇಡಿಸಿ
ಮೇಲಿಂದ ಕೆಳಗೆ ಎಳೆಸಿದ.
ಗೀರುಗಳು. ಉಗುರಿಗೆ ತಡೆದವು, ಒಂದೊಂದೂ.

ಈಗ ಶೆಡ್ಡು ನನ್ನದು, ಬಾಗಿಲಲ್ಲಿನ ಕುರ್ಚಿ ಅವನದು.
ಮೊನ್ನೆ ರೇಷನ್ ಅಂಗಡಿಯ ಯಂತ್ರ
ನನ್ನ ಹೆಬ್ಬೆಟ್ಟು ಒಪ್ಪಲಿಲ್ಲ.
ಒರೆಸಿ ಒತ್ತಿದೆ, ಉಗುಳು ಹಚ್ಚಿ ಒತ್ತಿದೆ.
ಗೆರೆಯೇ ಇಲ್ಲವಲ್ಲಕ್ಕಾ, ಅಂದ ಹುಡುಗ.

ಬರಿ ಚೀಲ ಹಿಡಿದು ಬಂದು ತೋರಿಸಿದೆ.
ಅಮೀರ್ ಜಾನ್ ಕನ್ನಡಕ ಏರಿಸಿ
ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ
"ಇನ್ನೂ ನಾನ್ನೂರು ಲಚ್ಚಮ್ಮಾ" ಅಂದ,
ತನ್ನ ಹೆಬ್ಬೆಟ್ಟು ಪಕ್ಕಕ್ಕೆ ಹಿಡಿದ.